ಮೂರನೇ ಇಗರ್ಜಿಯ ಗಂಟೆ

ಮೊನ್ನೆ ಭಾನುವಾರ ನನ್ನ ಮೊಮ್ಮಗಳು ಸೈಕಲ್ ತುಳಿದುಕೊಂಡು ಬಂದು ಅಂಗಳದಲ್ಲಿ ಇಳಿದಳು ನೋಡಿ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮುಖ ಬಿಸಿಲಿಗೆ ಸುಟ್ಟ ಬಂಗಡೆಯ ಹಾಗೆ ಕಪ್ಪಾಗಿತ್ತು, ಒಂದು ಮಂಡಿ ತರಚಿತ್ತು, ಆದರೂ ಬಾಯಿ ತುಂಬ ನಗು. ಕಾಲೇಜಿನ ಮಕ್ಕಳೆಲ್ಲ ಸೇರಿ ಭಟ್ಕಳದಿಂದ ಹೊರಟು, ಹೊನ್ನಾವರ ದಾಟಿ ಕುಮಟೆಯವರೆಗೆ, ದಾರಿಯಲ್ಲಿ ಸಿಗುವ ಹಳೆಯ ಇಗರ್ಜಿಗಳನ್ನೆಲ್ಲ ನೋಡಿಕೊಂಡು ಬಂದರಂತೆ. ಎರಡು ದಿನದ ಸವಾರಿ. ಫೋನಿನಲ್ಲಿ ನೀಲಿ ಗೆರೆ ಎಳೆದ ನಕ್ಷೆ ತೋರಿಸಿದಳು.

"ಅಜ್ಜಾ, ಈ ರೂಟ್ ನಾವೇ ಹುಡುಕಿ ಮಾಡಿದ್ದು. ಒಳದಾರಿಯಲ್ಲಿ ಎಷ್ಟು ಹಳೇ ಚರ್ಚ್ ಅವೆ ಗೊತ್ತಿದ್ಯಾ ನಿಂಗೆ?"

"ನೀವು ಹುಡುಕಿದ್ದಾ?" ಎಂದು ನಾನು ನಕ್ಕೆ. "ಹೊನ್ನಾವರದಿಂದ ಆಚೆಗೆ ಅದು ನನ್ನ ಶುಕ್ರವಾರದ ದಾರಿ ಮಾರಾಯ್ತಿ. ಹಾರ್ನ್ ಹೊಡೀತ, ಮೀನು ಹೊತ್ಕಂಡು, ಎಷ್ಟು ವರ್ಷ ತುಳದೆ!"

ಅವಳಿಗೆ ಖುಷಿಯೋ ಖುಷಿ. ನನಗೆ ಅದಕ್ಕಿಂತ ಹೆಚ್ಚು. ನನ್ನ ಕೆಟ್ಟ ಮೊಣಕಾಲೇ ಆ ದಾರಿಯನ್ನು ಇನ್ನೊಮ್ಮೆ ತುಳಿದು ಬಂದಂತಾಯಿತು. ಅಷ್ಟರಲ್ಲಿ ಅವಳು ಒಳಗೆ ಹೋಗಿ, ಫ್ರಿಜ್ಜಿನಿಂದ ಐಸಿನ ತುಂಡು ತೆಗೆದು ನೀರಿಗೆ ಹಾಕಿ ಕುಡಿದು, ಒಂದು ತುಂಡನ್ನು ಬಾಯಿಗೆಸೆದು ಕಟಕಟ ಜಗಿದಳು. ಆ ಸದ್ದು ಕೇಳಿ ನಾನು ಎದ್ದು ಹಿತ್ತಲಿಗೆ ಹೋದೆ. ಹಿಂದೆಯೇ ಬಂದಳು.

"ಎಂತ ಆತು ಅಜ್ಜಾ? ಇಷ್ಟೊತ್ತು ಕುಣೀತಿದ್ದೆಯಲ್ಲ?"

ಬಾಯಲ್ಲಿ ಹೇಳಲು ಬರಲಿಲ್ಲ. ಬರೆದು ಕೊಡುತ್ತೇನೆ ಅಂದೆ. ನಾನು ಓದಿದ್ದು ಮೂರನೇ ಇಯತ್ತೆ. ಅಕ್ಷರ ತಪ್ಪಿದಲ್ಲಿ ಅವಳೇ ತಿದ್ದಿದ್ದಾಳೆ, ಮಾತು ಮಾತ್ರ ನನ್ನವು.

ನಾನು ರಂಪಣಿ ಬಲೆ ಎಳೆಯುತ್ತಿದ್ದವನು. ಇಡೀ ಕೇರಿ ಸೇರಿ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ ಅದು. ನಮ್ಮ ಕೇರಿ ಧಾರೇಶ್ವರದ ಹತ್ತಿರ, ಕಡಲ ಅಂಚಿನಲ್ಲಿ. ಎಪ್ಪತ್ತರ ದಶಕದ ಕೊನೆಗೆ ಯಂತ್ರದ ಬೋಟುಗಳು ಹೆಚ್ಚಾದವು, ದಡಕ್ಕೆ ಮೀನು ಬರುವುದು ನಿಂತಿತು. ಬಲೆಯನ್ನು ಚಪ್ಪರದಡಿ ಪೇರಿಸಿಟ್ಟೆವು, ಇಲಿ ಕಡಿಯಿತು. ನಾನೊಂದು ಹಳೆಯ ಸೈಕಲ್ ಹಿಡಿದೆ, ಹಿಂದಿನ ಕ್ಯಾರಿಯರಿಗೆ ಬಿದಿರಿನ ಬುಟ್ಟಿ ಕಟ್ಟಿದೆ. ನಮ್ಮಲ್ಲಿ ಮೀನು ಮಾರುವುದೆಂದರೆ ಹೆಂಗಸರ ಕೆಲಸ. ಗಂಡಸು ಹೊರಟರೆ ಕೇರಿಗೆಲ್ಲ ನಗೆ.

"ಸೀರೆನೂ ಉಟ್ಕಂಡೇ ಹೋಗೋ, ಯಾಪಾರ ಚಲೋ ಆತದೆ" ಎಂದು ಚಾದಂಗಡಿಯ ಮುದುಕರು ಕೂಗುತ್ತಿದ್ದರು.

ಆದರೆ ಹೆಂಗಸರು ಬುಟ್ಟಿ ಹೊತ್ತು ನಡೆಯಲಾಗದಷ್ಟು ದೂರದ ಒಳಊರುಗಳಿಗೆ ಸೈಕಲ್ ಹೋಗುತ್ತಿತ್ತು. ಅಲ್ಲಿ ಕಿರಿಸ್ತಾಂವರ ಮನೆಗಳು. ಶುಕ್ರವಾರ ಅವರು ಮಾಂಸ ಮುಟ್ಟುವುದಿಲ್ಲ, ಮೀನು ಬೇಕು. ಬೇಸಿಗೆಯ ಮೊದಲಿಗೆ ಬರುವ ಅವರ ನಲವತ್ತು ದಿನದ ಉಪವಾಸದ ಕಾಲದಲ್ಲಂತೂ ಇನ್ನೂ ಹೆಚ್ಚು ಬೇಕು. ಹಾಗಾಗಿ ನನ್ನ ದಾರಿ ಒಂದು ಇಗರ್ಜಿಯಿಂದ ಇನ್ನೊಂದು ಇಗರ್ಜಿಗೆ ಹೋಗುವ ದಾರಿಯಾಯಿತು. ಬೆಳಗಿನ ಜಾವ ಹೊನ್ನಾವರದ ಬಂದರಿನಲ್ಲಿ ಮೀನು, ಐಸು ತುಂಬಿಕೊಂಡು ಅಲ್ಲಿಯ ಇಗರ್ಜಿಯ ಓಣಿ. ಅಲ್ಲಿಂದ ಹಳದೀಪುರದ ಗದ್ದೆ ಬದಿ ಹಿಡಿದು ಚಂದಾವರದ್ದು. ಆಮೇಲೆ ಮೂರನೆಯದು, ಚಿಕ್ಕದು. ಕಡೆಗೆ ಕುಮಟೆ. ಉಳಿದದ್ದನ್ನು ಹೊಳನಗದ್ದೆಯಲ್ಲಿ ಮಾರಿ, ಬುಟ್ಟಿ ತೊಳೆದು ಮನೆ. ಮೂರನೇ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗಲೂ ಜನರಿದ್ದಾರೆ.

ಆ ಇಗರ್ಜಿಗಳು ಎಷ್ಟು ಹಳೆಯವು ಎಂದು ನಾನು ಕೇಳಿದವನಲ್ಲ. ಚಿರೆಕಲ್ಲಿನ ಗೋಡೆ ನೋಡಿದರೆ ಸುಣ್ಣ ಪದರ ಪದರವಾಗಿ ಎದ್ದಿತ್ತು, ಎದುರಿನ ಶಿಲುಬೆಯ ಕಟ್ಟೆ ಜನ ಕೂತು ಕೂತು ನುಣುಪಾಗಿತ್ತು. ಆ ಕಟ್ಟೆಗೆ ಸೈಕಲ್ ಒರಗಿಸಿದರೆ ನನ್ನ ಅಂಗಡಿ ತೆರೆದಂತೆ. ನನಗೆ ಬೇಕಾದದ್ದು ಗಂಟೆ. ಗಂಟೆಯಿಂದಲೇ ನನ್ನ ವ್ಯಾಪಾರ ನಡೆಯುತ್ತಿತ್ತು. ಒಂದೊಂದೇ ಏಟು, ನಡುವೆ ಉಸಿರು ಹಿಡಿಯುವಷ್ಟು ಬಿಡುವು ಬಿಟ್ಟು ಹೊಡೆದರೆ ಯಾರೋ ತೀರಿಕೊಂಡಿದ್ದಾರೆ ಎಂದರ್ಥ. ಹಾರ್ನ್ ಒತ್ತಬಾರದು, ಇಳಿದು ಸೈಕಲ್ ತಳ್ಳಿಕೊಂಡು ಹೋಗಬೇಕು. ಬಡಬಡ ಓಡುವಂತೆ, ಒಂದರ ಮೇಲೊಂದು ಬಿದ್ದರೆ ಹಬ್ಬ, ಮದುವೆ. ಇಸ್ವಾಣದಂಥ ದೊಡ್ಡ ಮೀನನ್ನು ಮೇಲಿಟ್ಟು ಜೋರಾಗಿ ಹಾರ್ನ್ ಹೊಡೆಯಬೇಕು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ನೋಡಿ ಕಲಿತದ್ದು. ಅದರ ಹೆಮ್ಮೆ ನನಗೆ ಬಹಳ ಇತ್ತು. "ಕಿರಿಸ್ತಾಂವರ ಗಂಟೆ ನಂಗೆ ಪಾದ್ರಿಗಿಂತ ಚಲೋ ತಿಳೀತದೆ" ಎಂದು ಹೆಂಡತಿಯ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ.

ಮೂರನೇ ಇಗರ್ಜಿಯ ಎದುರಿನ ಮನೆಯಲ್ಲಿ ಒಬ್ಬರು ಬಾಯಿ ಇದ್ದರು; ಕಿರಿಸ್ತಾಂವರ ಹೆಂಗಸರನ್ನು ನಾವು ಮರ್ಯಾದೆಗೆ ಬಾಯಿ ಎಂದೇ ಕರೆಯುವುದು. ಗಂಡ ಹಡಗಿನಲ್ಲಿ ಅಡಿಗೆ ಕೆಲಸ, ವರ್ಷಕ್ಕೊಮ್ಮೆ ಬರುವವರು. ಒಬ್ಬಳೇ ಮಗಳು, ಆರು ವರ್ಷದವಳು. ನನ್ನ ಹಾರ್ನ್ ತಿರುವಿನಲ್ಲಿ ಕೇಳಿತೋ ಇಲ್ಲವೋ, ಲಂಗ ಎತ್ತಿ ಹಿಡಿದು ಓಡಿ ಬರುತ್ತಿದ್ದಳು. ಮೊದಲು ಹಾರ್ನಿನ ರಬ್ಬರ್ ಉಂಡೆಯನ್ನು ಎರಡೂ ಕೈಯಲ್ಲಿ ಒತ್ತಿ ಸದ್ದು ಮಾಡಬೇಕು, ಆಮೇಲೆ ಅಂಗೈ ಚಾಚಬೇಕು.

"ಮೀನ್ ಮಾಮಾ, ಐಸ್!"

ಬುಟ್ಟಿಯ ಕೆಳಗೆ ಗೋಣಿಯಲ್ಲಿ, ಮರದ ಹೊಟ್ಟಿನಲ್ಲಿ ಸುತ್ತಿದ ಐಸಿನ ಗಡ್ಡೆ ಇರುತ್ತಿತ್ತು. ಅದರಿಂದ ಚೂರೊಂದನ್ನು ಕಲ್ಲಿನಿಂದ ಒಡೆದು, ನನ್ನ ಪಂಚೆಗೆ ಒರೆಸಿ ಕೊಡುತ್ತಿದ್ದೆ. ಅವಳು ಕಟಕಟ ಜಗಿಯುವಳು. ಬಾಯಿ ಬಾಗಿಲಲ್ಲಿ ನಿಂತು ಬೈಯುವರು: "ನಿನ್ನ ಐಸಿಂದ ಇವಳ ಹಲ್ಲು ಒಂದೂ ಉಳಿಯೂದಿಲ್ಲ ನೋಡು. ನಾಳೆ ಮದುವೆಗೆ ಗಂಡು ಸಿಕ್ಕದಿದ್ರೆ ನಿನ್ನ ಮನೆಗೇ ಕಳಿಸ್ತೆ."

"ಕಳ್ಸಿ ಬಾಯಿ, ದಿನಾ ಮೀನು ಹಾಕಿ ಸಾಕ್ತೆ" ಎನ್ನುತ್ತಿದ್ದೆ ನಾನು.

ನನಗೂ ಐದು ವರ್ಷದ ಮಗಳಿದ್ದಳು. ಅದಕ್ಕೆ ಮೊದಲು ಎರಡು ಮಕ್ಕಳು ಹುಟ್ಟಿ ಉಳಿದಿರಲಿಲ್ಲ. ದಾರಿಯಲ್ಲಿ ಕರಗದೆ ಉಳಿದ ಐಸಿನ ಚೂರು ಅವಳ ಪಾಲು. ಸೈಕಲ್ ನಿಲ್ಲಿಸುವ ಮೊದಲೇ ಅವಳೂ ಕೈ ಚಾಚುತ್ತಿದ್ದಳು. ಆ ಐಸನ್ನು ಯಾವ ನೀರಿನಿಂದ ಮಾಡುತ್ತಾರೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ. ಅದು ಮೀನಿಗೆಂದು ಮಾಡಿದ್ದು. ಬಂದರಿನ ನೆಲದ ಮೇಲೆ, ಮೀನಿನ ಕೊಳೆಯಲ್ಲಿ ಎಳೆದು ತರುತ್ತಿದ್ದೆವು. ಕಣ್ಣಿಗೆ ಗಾಜಿನ ಹಾಗೆ ಕಾಣುವುದು ಕೊಳಕಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಆ ವರ್ಷ ಬಿಸಿಲು ಬೇಗ ಬಂತು. ಬಾವಿಗಳು ತಳ ಕಂಡವು. ಅವರ ಉಪವಾಸದ ದಿನಗಳು ಮುಗಿಯಲು ಇನ್ನೊಂದೆರಡು ವಾರವಿತ್ತು. ಶುಕ್ರವಾರ ಚಂದಾವರದ ಏರು ಇಳಿದು ಮೂರನೇ ಊರಿನ ಗದ್ದೆ ಬಯಲಿಗೆ ಬಂದೆ, ಗಂಟೆ ಕೇಳಿತು. ಬಡಬಡ ಹೊಡೆಯುತ್ತಿತ್ತು, ಒಂದರ ಮೇಲೊಂದು, ಹಕ್ಕಿ ಹಿಂಡು ಎದ್ದ ಹಾಗೆ. ಮದುವೆಯೇ ಸರಿ ಅಂದುಕೊಂಡೆ. ಬದುವಿನ ಮೇಲೆ ಸೈಕಲ್ ನಿಲ್ಲಿಸಿ, ಸಣ್ಣ ತಾರಲೆ ಮೀನನ್ನು ಬುಟ್ಟಿಯ ತಳಕ್ಕೆ ಹಾಕಿ, ಎರಡು ಇಸ್ವಾಣವನ್ನು ಮೇಲಿಟ್ಟು, ಅವುಗಳ ಮೇಲೆ ನೀರು ಚಿಮುಕಿಸಿ ಹೊಳೆಯುವಂತೆ ಮಾಡಿದೆ. ತಿರುವಿನಿಂದಲೇ ಹಾರ್ನ್ ಒತ್ತುತ್ತ ಹೋದೆ.

ಆ ನಲವತ್ತು ದಿನದಲ್ಲಿ ಅವರಲ್ಲಿ ಮದುವೆ ಇಲ್ಲ. ಇದು ಅಲ್ಲಿಯ ಸಣ್ಣ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ. ಮತ್ತೊಂದೂ ಗೊತ್ತಿರಲಿಲ್ಲ. ಮಗು ತೀರಿಕೊಂಡರೆ ಆ ಊರಿನಲ್ಲಿ ಸಾವಿನ ಗಂಟೆ ಹೊಡೆಯುವುದಿಲ್ಲ. ಪಾಪವಿಲ್ಲದ ಜೀವ ನೇರ ದೇವರ ಹತ್ತಿರ ಹೋಯಿತೆಂದು ಹಬ್ಬದ ಗಂಟೆಯನ್ನೇ ಹೊಡೆಯುತ್ತಾರೆ.

ಬಾಯಿಯ ಮನೆಯ ಅಂಗಳದಲ್ಲಿ ಜನ ತುಂಬಿದ್ದರು. ಜಗಲಿಯ ಮೇಲೆ ಮೇಜು, ಮೇಜಿನ ಸುತ್ತ ಹೂವು. ಮೇಜಿನ ಮೇಲೆ ಏನಿದೆಯೆಂದು ಬಿಸಿಲಿನಿಂದ ಬಂದ ಕಣ್ಣಿಗೆ ಕಾಣಲಿಲ್ಲ. ಬಿಳಿ ಬಟ್ಟೆ ಕಂಡಿತು, ಹೂವಿನ ಕಿರೀಟ ಕಂಡಿತು. ನಾನು ಇನ್ನೂ ನಗುತ್ತಲೇ ಇದ್ದೆ.

"ಎಂತ ಬಾಯಿ, ಯಾರ ಮದಿ? ನಂಗೆ ಹೇಳ್ಲೇ ಇಲ್ಲ? ತಾಜಾ ಇಸ್ವಾಣ ಅದೆ, ಇಳಿಸ್ಲಾ?"

ಪಕ್ಕದ ಮನೆಯ ಮುದುಕರೊಬ್ಬರು ಬಂದು ನನ್ನ ಸೈಕಲಿನ ಹ್ಯಾಂಡಲ್ ಹಿಡಿದರು.

"ಮಾರಾಯಾ, ಹಾರ್ನ್ ಬಿಡು. ಮಗು ತೀರ್ಕಂಡದೆ. ಎರಡು ದಿನ ವಾಂತಿಭೇದಿ."

ಗಾಬರಿಯಲ್ಲಿ ನನ್ನ ಕೈ ಬಿಗಿದು ಹಾರ್ನ್ ಮತ್ತೊಮ್ಮೆ ಕೂಗಿತು. ಆ ಸದ್ದಿಗೆ ಬಾಯಿ ತಲೆಯೆತ್ತಿದರು. ಎದ್ದು, ಜನರ ನಡುವಿನಿಂದ ಮೆಲ್ಲಗೆ ನನ್ನ ಹತ್ತಿರ ಬಂದರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದಿದ್ದರೆ ಒಳ್ಳೆಯದಿತ್ತು.

"ಬಂದ್ಯಾ?" ಅಂದರು. "ನಿನ್ನೆ ಪೂರ್ತಿ ಕೇಳ್ತಿತ್ತು, ಮೀನ್ ಮಾಮ ಬಂದ್ನಾ, ಐಸ್ ತಂದ್ನಾ ಅಂತ. ನಾಲಿಗೆ ಒಣಗಿತ್ತು ಅದರದ್ದು. ಅದರ ಪಾಲಿಂದು ಕೊಡು."

ನಾನು ಗೋಣಿ ಬಿಚ್ಚಿ ಒಂದು ಚೂರು ಒಡೆದೆ. ಕಲ್ಲು ಬೆರಳಿಗೇ ಬಿತ್ತು. ಬಾಯಿ ಅದನ್ನು ಒಯ್ದು ಮಗುವಿನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮುಚ್ಚಿದರು. ಬಿಳಿ ಬಟ್ಟೆಯ ಮೇಲೆ ನೀರು ಹರಿದು ಹರಿದು ಹೋಯಿತು. ಗಂಟೆ ಹೊಡೆಯುತ್ತಲೇ ಇತ್ತು.

ಕುಮಟೆಗೆ ಹೋಗಲಿಲ್ಲ. ಮನೆಗೆ ತಿರುಗಿದೆ. ಬೇಲಿಯ ಹತ್ತಿರ ಬರುವಾಗಲೇ ಹೆಂಡತಿ ಎದುರು ಓಡಿ ಬಂದಳು.

"ಹ್ವಾಯ್, ಬೇಗ ಬನ್ನಿ. ಬೆಳಿಗ್ಗಿಂದ ಎಂಟು ಸಲ ಕಾರಿತು ಮಗು. ಈಗ ಕಣ್ಣೇ ಬಿಡೂದಿಲ್ಲ."

ಮಗಳು ಚಾಪೆಯ ಮೇಲಿದ್ದಳು. ಕಣ್ಣು ಗುಳಿಬಿದ್ದಿತ್ತು, ಹೊಟ್ಟೆಯ ಚರ್ಮ ಹಿಡಿದೆತ್ತಿದರೆ ಹಾಗೇ ನಿಲ್ಲುತ್ತಿತ್ತು. ಅತ್ತೆ ದೇವರಿಗೆ ಹರಕೆಯ ಕಾಯಿ ಕಟ್ಟುತ್ತಿದ್ದರು, ಸಂಜೆ ಮಂತ್ರ ಹಾಕುವ ಗಾಡಿಗರನ್ನು ಕರೆಸೋಣ ಅಂದರು. ಮಧ್ಯಾಹ್ನ ಬಸ್ಸಿಲ್ಲ. ಸೈಕಲ್ ತುಳಿದು, ಏರಿನಲ್ಲಿ ತಳ್ಳಿ ಒಂದು ತಾಸಿನಲ್ಲಿ ಮುಟ್ಟಬಹುದಾದ ಔಷಧಿ ಎಂದರೆ ಒಂದೇ. ಮೂರನೇ ಇಗರ್ಜಿಯ ಪಕ್ಕದಲ್ಲಿ ಸಿಸ್ಟರ್ ಒಬ್ಬರು ನಡೆಸುತ್ತಿದ್ದ ಚಿಕ್ಕ ದವಾಖಾನೆ. ಬಾಟಲಿಯಿಂದ ನೀರು ಏರಿಸುತ್ತಾರೆ ಎಂದು ಕೇಳಿದ್ದೆ.

ಈಗ ತಾನೇ ಹಾರ್ನ್ ಹೊಡೆದು ಮರ್ಯಾದೆಗೆಟ್ಟು ಬಂದ ಊರು ಅದು. ಯಾವ ಮುಖ ಹೊತ್ತು ಹೋಗುವುದು? ನಾನು ಅಂಗಳದಲ್ಲಿ ನಿಂತೇ ಇದ್ದೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆಗ ಹೆಂಡತಿ ಬುಟ್ಟಿಯ ಮೀನನ್ನೆಲ್ಲ ಒಂದೇ ಸಲಕ್ಕೆ ಮರಳಿಗೆ ಸುರುವಿದಳು. ಒಳಗೆ ಅಡಿಕೆ ಹಾಳೆ ಹಾಸಿ, ಅದರ ಮೇಲೆ ತನ್ನ ಸೀರೆ ಮಡಚಿಟ್ಟು, ಮಗಳನ್ನು ಮುದುಡಿಸಿ ಮಲಗಿಸಿದಳು.

"ಹೋಗಿ. ನಾ ನಡೆದು ಬರ್ತೆ" ಅಂದಳು.

ಹೋಗುವ ದಾರಿಯಲ್ಲಿ ಹಾರ್ನನ್ನು ಕಿತ್ತು ಗದ್ದೆಗೆಸೆದೆ. ಹಿಂದೆ ಬುಟ್ಟಿಯಲ್ಲಿ ನರಳಿಕೆ ಕೇಳಿದರೆ ಒಂದು ಭಯ, ಕೇಳದಿದ್ದರೆ ಇನ್ನೊಂದು. ಏರಿನಲ್ಲಿ ಇಳಿದು ತಳ್ಳುವಾಗ ಒಂದು ಕೈ ಹ್ಯಾಂಡಲ್ ಮೇಲೆ, ಒಂದು ಕೈ ಅವಳ ಮೂಗಿನ ಹತ್ತಿರ. ಗಂಟೆ ನಿಂತಿತ್ತು. ಮಣ್ಣಾಗಿತ್ತು ಅನ್ನಿಸುತ್ತದೆ. ಜನ ಸ್ಮಶಾನದ ಬಾಗಿಲಿನಿಂದ ಹೊರಗೆ ಬರುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಅವರ ನಡುವಿನಿಂದಲೇ ಮೀನಿನ ಬುಟ್ಟಿ ತಳ್ಳಿದೆ.

ಸಿಸ್ಟರ್ ಮಂಗಳೂರು ಕಡೆಯವರು. ಮಗುವನ್ನು ನೋಡಿದವರೇ ಬಾಟಲಿ ತೂಗುಹಾಕಿದರು. ಕೈಯ ನರ ಸಿಗಲಿಲ್ಲ, ಕಾಲಿಗೆ ಚುಚ್ಚಿದರು. ಸಕ್ಕರೆ ಉಪ್ಪು ಕದಡಿದ ನೀರನ್ನು ಚಮಚದಲ್ಲಿ ತುಟಿಗೆ ಬಿಡುತ್ತ ಇರಿ, ಕಾರಿದರೂ ಬಿಡುತ್ತಲೇ ಇರಿ ಅಂದರು. ನಾನು ಹಿಡಿದ ಚಮಚ ಹಲ್ಲಿಗೆ ತಾಗಿ ನೀರು ಚೆಲ್ಲುತ್ತಿತ್ತು. ಆಗ ಯಾರೋ ಹಿಂದಿನಿಂದ ಬಂದು ಚಮಚ ತೆಗೆದುಕೊಂಡರು. ನೋಡಿದರೆ ಬಾಯಿ. ಮಣ್ಣು ಕೊಟ್ಟು ಹೊರಬರುವಾಗ ನನ್ನ ಬುಟ್ಟಿಯಲ್ಲಿ ಮಗುವಿನ ಕಾಲು ಕಂಡಿತ್ತಂತೆ. ಕಪ್ಪು ಸೀರೆಯಲ್ಲೇ ಕೂತು, ನನ್ನ ಮಗಳ ತಲೆಯನ್ನು ಮಡಿಲಿಗೆ ತೆಗೆದುಕೊಂಡು ಚಮಚ ಹಿಡಿದರು.

"ನಾ ತಡ ಮಾಡ್ದೆ" ಎಂದರು ಸಿಸ್ಟರಿಗೆ. "ಕಷಾಯ ಕುಡಿಸ್ತ ಕೂತೆ. ಇವ ಬೇಗ ಬಂದ."

ಸಿಸ್ಟರ್ ನನ್ನ ಕಡೆ ತಿರುಗಿದರು. "ಮಗು ಎಂತ ತಿಂದದ್ದು? ಯಾವ ನೀರು ಕುಡಿದದ್ದು?"

ಗಂಜಿ, ಮೀನಿನ ಸಾರು, ನಮ್ಮ ಬಾವಿ ನೀರು ಎಂದೆ. ಮತ್ತೆ? ಎಂದರು. ಮತ್ತೆ ಎಂತದೂ ಇಲ್ಲ ಎನ್ನಲು ಹೊರಟೆ. ಆಗಲೇ ಅದು ನನ್ನ ತಲೆಗೆ ಹೋಯಿತು. ಎರಡು ಮನೆ, ನಡುವೆ ಅಷ್ಟು ದೂರ. ಎರಡೂ ಮಕ್ಕಳ ಬಾಯಿಗೆ ಹೋದದ್ದು ಒಂದೇ ವಸ್ತು. ಕೊಟ್ಟದ್ದು ಒಂದೇ ಕೈ.

ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳಿದರೆ ಔಷಧಿ ತಪ್ಪುತ್ತದೇನೋ, ಮಗಳು ಹೋಗುತ್ತಾಳೇನೋ ಎಂಬ ಭಯಕ್ಕೆ ನಿಜ ಹೇಳಿದೆ. ಒಳ್ಳೆಯತನದಿಂದಲ್ಲ.

"ಐಸ್, ಸಿಸ್ಟರ್. ಮೀನಿನ ಐಸ್."

ಬಾಯಿಯ ಕೈಯಲ್ಲಿದ್ದ ಚಮಚ ಮಗಳ ತುಟಿಯ ಹತ್ತಿರ ನಿಂತಿತು. ಸಿಸ್ಟರ್ ಗೋಡೆಯ ಕಡೆ ನೋಡಿದರು. ಚಮಚದ ನೀರು ಒಂದೊಂದೇ ಹನಿಯಾಗಿ ಮಗಳ ಗಲ್ಲದ ಮೇಲೆ ಬಿತ್ತು. ಬಾಯಿ ನನ್ನನ್ನು ನೋಡಲಿಲ್ಲ. ಸೆರಗಿನಿಂದ ಮಗಳ ಗಲ್ಲ ಒರೆಸಿದರು. ಚಮಚವನ್ನು ಮತ್ತೆ ಲೋಟಕ್ಕೆ ಅದ್ದಿದರು. ಮತ್ತೆ ತುಟಿಗೆ ಹಿಡಿದರು. ಹೆಂಡತಿ ಕಾಲು ಬೊಬ್ಬೆ ಎಬ್ಬಿಸಿಕೊಂಡು ಬಂದು ಮುಟ್ಟುವವರೆಗೂ ಹಾಗೇ ಕೂತಿದ್ದರು. ಆಮೇಲೆ ಚಮಚವನ್ನು ಅವಳ ಕೈಗೆ ಕೊಟ್ಟು, ಎದ್ದು ಹೋದರು.

ಶನಿವಾರ ಪೂರ್ತಿ ಮಗಳು ಹಾಗೇ ಇದ್ದಳು. ಭಾನುವಾರ ಬೆಳಿಗ್ಗೆ ನಾನು ಮುಖ ತೊಳೆಯಲು ಹೊರಗೆ ಬಂದೆ, ತಲೆಯ ಮೇಲೇ ಗಂಟೆ ಶುರುವಾಯಿತು. ಬಡಬಡ, ಒಂದರ ಮೇಲೊಂದು. ಬಾವಿಕಟ್ಟೆಯ ಹತ್ತಿರ ನೆಲದ ಮೇಲೆ ಕೂತುಬಿಟ್ಟೆ. ಒಳಗೆ ಏನೋ ಆಗಿದೆ, ಅದಕ್ಕೇ ಹೊಡೆಯುತ್ತಿದ್ದಾರೆ ಎಂದು ಎರಡೂ ಕಿವಿ ಮುಚ್ಚಿಕೊಂಡೆ. ಸಿಸ್ಟರ್ ಬಂದು ಭುಜ ಅಲುಗಿಸಿದರು.

"ಎಂತ ಮಾರಾಯಾ ಇದು? ಪೂಜೆಗೆ ಜನ ಕರೆಯುವ ಗಂಟೆ ಅದು. ಏಳು, ಒಳಗೆ ಹೋಗು. ನಿನ್ನ ಮಗಳು ಗಂಜಿ ಕೇಳ್ತಾ ಇದ್ದಾಳೆ."

ಹೌದು, ಕೇಳುತ್ತಿದ್ದಳು! ಉಪ್ಪಿನಕಾಯಿಯೂ ಬೇಕೆಂದು ತಾಯಿಯ ಹತ್ತಿರ ಜಗಳ! ಆ ಮಗಳೇ ಬೆಳೆದು, ಮದುವೆಯಾಗಿ, ಈಗ ಇಗರ್ಜಿ ದಾರಿ ಹುಡುಕಿದೆನೆಂದು ಬೀಗುವ ಈ ಹುಡುಗಿಯನ್ನು ಹೆತ್ತದ್ದು. ಮೊಮ್ಮಗಳು ಅಂಗಳದಲ್ಲಿ ಸೈಕಲಿನಿಂದ ಇಳಿಯುವುದನ್ನು ನೋಡಿದರೆ ನಾನು ಕುಣಿಯದೆ ಇರುವುದು ಹೇಗೆ ಹೇಳಿ.

ಐಸಿನಿಂದಲೇ ಹೌದೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಬೇಸಿಗೆಯಲ್ಲಿ ಐಸು ತಿನ್ನದ ಮಕ್ಕಳೂ ಮಲಗಿದ್ದರು, ಬಾವಿಗಳೆಲ್ಲ ಕೆಟ್ಟಿದ್ದವು. ಹೀಗೆ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡಷ್ಟೂ ಅಂಗೈ ಚಾಚಿದ ಆ ಮಗುವೇ ಕಾಣುತ್ತದೆ.

ಉಪವಾಸ ಮುಗಿದು ಅವರ ಹಬ್ಬ ಕಳೆದ ಮೇಲೆ ಮತ್ತೆ ಆ ದಾರಿ ಹಿಡಿದೆ. ಬೇರೆ ದಾರಿ ಇರಲಿಲ್ಲ. ಹಾರ್ನ್ ಇಲ್ಲದ ಸೈಕಲ್ಲಿನಲ್ಲಿ ಬಾಯಿಯ ಮನೆ ದಾಟಿ ಹೋಗುವವನಿದ್ದೆ. ಅವರೇ ತಟ್ಟೆ ಹಿಡಿದು ಶಿಲುಬೆಯ ಕಟ್ಟೆಗೆ ಬಂದರು. ನಾಲ್ಕು ಬಂಗಡೆ ತೆಗೆದುಕೊಂಡರು.

"ಮಗಳು ಹ್ಯಾಂಗಿದ್ದಾಳೆ?" ಎಂದರು.

"ಅಡ್ಡಿಲ್ಲ ಬಾಯಿ."

ಅಷ್ಟೇ. ಮುಂದಿನ ಶುಕ್ರವಾರವೂ ಅದೇ ಮಾತು, ಅದರ ಮುಂದಿನದಕ್ಕೂ. ನಗೆಯಿಲ್ಲ, ತಮಾಷೆಯಿಲ್ಲ, ಬೈಗಳಿಲ್ಲ. ಕ್ಷಮೆ ಕೇಳಬೇಕೆಂದು ಪ್ರತಿವಾರ ಹೊರಡುತ್ತಿದ್ದೆ, ಮೀನು ತೂಗಿ ಕೊಟ್ಟು ಬರುತ್ತಿದ್ದೆ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ಮಗಳಿಗೆ ಹತ್ತು ತುಂಬಿತ್ತು. ಬೇಸಿಗೆ ರಜೆಯಲ್ಲಿ ನಾನೂ ಬರುತ್ತೇನೆಂದು ಹಟ ಹಿಡಿದಳು. ಸೀಟು ಎಟುಕದ ಸೈಕಲ್ಲಿನ ಸಲಾಕೆಯ ಕೆಳಗೆ ಕಾಲು ತೂರಿಸಿ, ಕತ್ತರಿ ಹಾಕಿ ತುಳಿಯುತ್ತ, ನನ್ನನ್ನು ಹಿಂದೆ ಓಡಿಸುತ್ತ, ಮೂರನೇ ಇಗರ್ಜಿಯ ತಿರುವಿನಲ್ಲಿ ಬಾಯಲ್ಲೇ "ಪೋಂ ಪೋಂ" ಎಂದು ಕೂಗಿದಳು. ನಾನು ಬೇಡವೆನ್ನುವಷ್ಟರಲ್ಲಿ ಬಾಯಿ ಅಂಗಳಕ್ಕೆ ಓಡಿ ಬಂದುಬಿಟ್ಟಿದ್ದರು. ಓಡಿ ಬಂದವರು ನಮ್ಮನ್ನು ನೋಡಿ ನಿಂತರು.

ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹತ್ತಿರ ಕರೆದು, ಅವಳ ತಲೆಯ ಮೇಲೆ ಅಂಗೈ ಇಟ್ಟು, ಆ ಅಂಗೈಯನ್ನು ಹಾಗೇ ತಮ್ಮ ಭುಜದವರೆಗೆ ಎಳೆದು ಅಳೆದರು.

"ನಂದು ಇದಕ್ಕಿಂತ ಒಂದು ಬೆರಳು ಎತ್ತರ ಇರ್ತಿತ್ತು" ಅಂದರು.

ಒಳಗೆ ಹೋಗಿ ಸ್ಟೀಲಿನ ಲೋಟದಲ್ಲಿ ನೀರು ತಂದರು. ಮಗಳು ಕೈ ಚಾಚಿದಳು. ಬಾಯಿ ಲೋಟವನ್ನು ಕೊಡುವಾಗ ಅವಳಿಗೇ ಹೇಳಿದರು, ಆದರೆ ನನಗೂ ಕೇಳಬೇಕೆಂದೇ ಹೇಳಿದರು.

"ಕುಡಿ ಮಗಾ. ಕಾಸಿ ಆರ್ಸಿದ ನೀರು. ಹೆದರಿಕೆ ಇಲ್ಲ."

ಮಗಳು ಗಟಗಟ ಕುಡಿದಳು. ಕೊನೆಯ ಗುಟುಕು ಗಂಟಲಿನಿಂದ ಇಳಿಯುವವರೆಗೂ ಬಾಯಿ ಕಣ್ಣು ತೆಗೆಯಲಿಲ್ಲ. ಆಮೇಲೆ ಖಾಲಿ ಲೋಟ ಹಿಡಿದುಕೊಂಡೇ ಒಳಗೆ ಹೋದರು. ಅವತ್ತು ಮೀನು ತೆಗೆದುಕೊಳ್ಳಲಿಲ್ಲ.